ರೊಟ್ಟಿ ಬಿಟ್ಟಾರಂತ

ರೊಟ್ಟಿ ತಿನ್ನುವವರಿಗೆ ರೊಟ್ಟಿ ಬಡಿಯುವ ಸದ್ದು ಕೇಳಿಸುವುದಿಲ್ಲ. ಇದು ನನ್ನ ಸ್ವಂತ ಸಂಶೋಧನೆ. ಇದಕ್ಕಾಗಿ ಯಾವ ವಿಶ್ವವಿದ್ಯಾಲಯವೂ ನನಗೆ ಪದವಿ ಕೊಡಲಾರದೆಂದು ಬಲ್ಲೆನಾದ್ದರಿಂದ ನಿಮ್ಮೆದುರಿಗೇ ಮಂಡಿಸುತ್ತಿದ್ದೇನೆ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಒಂದು ಕಡೆ ಮಗ್ಗದ ಸದ್ದು, ಇನ್ನೊಂದು ಕಡೆ ರೊಟ್ಟಿಯ ಸದ್ದು, ಎರಡೂ ಹುಟ್ಟಿನಿಂದ ಕಿವಿಯಲ್ಲಿ ಬಿದ್ದು ಬಿದ್ದು ಮೌನಕ್ಕೆ ಸಮಾನವಾಗಿಬಿಟ್ಟಿದ್ದವು. ನಾನು ರೊಟ್ಟಿ ಬಿಟ್ಟ ಮೊದಲ ವಾರವೇ ಆ ಮೌನ ಒಡೆಯಿತು. ಮುಂಜಾನೆ ಎದುರು ಮನೆಯಿಂದ ಶುರುವಾಗುವ ಪಟಪಟ ಸದ್ದು ಒಂದೊಂದೇ ಮನೆ ದಾಟಿ ನಮ್ಮ ಬಾಗಿಲಿಗೆ ಬಂದು, ಅಲ್ಲಿಗೇ ನಿಲ್ಲದೆ ನಮ್ಮ ಅಡುಗೆಮನೆಯೊಳಗೇ ಕೇಳತೊಡಗಿತು. ಎದ್ದು ಹೋಗಿ ನೋಡಿದರೆ ಒಲೆ ತಣ್ಣಗಿದೆ, ಹಂಚು ಗೋಡೆಯ ಮೊಳೆಗೆ ಮೋರೆ ತಿರುಗಿಸಿಕೊಂಡು ನೇತಾಡುತ್ತಿದೆ, ಹಿಟ್ಟಿನ ಡಬ್ಬಿಯ ಮುಚ್ಚಳ ಮುಚ್ಚಿದಂತೆಯೇ ಇದೆ. ಬಾಗಿಲಲ್ಲಿ ನಿಂತಿರುವಷ್ಟು ಹೊತ್ತು ಸದ್ದಿಲ್ಲ. ಬೆನ್ನು ತಿರುಗಿಸಿದರೆ ಮತ್ತೆ ಪಟಪಟ. ನಾನು ವಿಜ್ಞಾನದ ಮೇಲೆ ಗೌರವವುಳ್ಳವಳು, ಆದರೆ ಆ ವಾರ ಅಡುಗೆಮನೆಯಲ್ಲಿ ದೀಪ ಆರಿಸಲು ಬಿಡಲಿಲ್ಲ.

ರೊಟ್ಟಿಯನ್ನು ನಾನು ಸುಖಾಸುಮ್ಮನೆ ಬಿಟ್ಟವಳಲ್ಲ. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ನಾನು ಒಂದು ಮಧ್ಯಾಹ್ನ ನರಗುಂದದಲ್ಲಿ ಹಳೆಯ ಶಿಷ್ಯೆಯ ಮನೆಯಲ್ಲಿ ಉಂಡು, ಬಸ್ಸಿನಲ್ಲಿ ಬಂದಿಳಿದು, ನಿಲ್ದಾಣದಿಂದ ಮನೆತನಕ ಬಿಸಿಲಲ್ಲಿ ಗಾಂಭೀರ್ಯದಿಂದ ನಡೆದು ಬಂದೆ. ಪಕ್ಕದ ಮನೆಯ ಹಸೀನಾ ಕಟ್ಟೆಯ ಮೇಲೆ ಕೂತು ಜಂಪರಿಗೆ ಗುಂಡಿ ಹಚ್ಚುತ್ತಿದ್ದಳು. ಹೊಲಿಗೆ ಅವಳ ಕಸುಬು; ಸಕ್ಕರೆ ಕಾಯಿಲೆಯಲ್ಲಿ ಅವಳು ನನಗಿಂತ ಹಿರಿಯಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡುವ ಬದಲು ಅಡಿಯಲ್ಲೇ ನಿಂತು, "ಅಕ್ಕೋರ, ಇನ್ನೊಂದ ಚಪ್ಪಲಿ ಎಲ್ರಿ?" ಎಂದಳು. ಎಡಗಾಲು ಬರಿಗಾಲಾಗಿತ್ತು. ಎಲ್ಲಿ ಕಳಚಿತೋ, ಯಾವ ಕಾದ ಕಲ್ಲಿನ ಮೇಲೆ ಹೆಜ್ಜೆ ಇಟ್ಟೆನೋ, ನನಗೆ ಗೊತ್ತೇ ಇರಲಿಲ್ಲ. ಅಂಗಾಲಿನಲ್ಲಿ ಬೊಬ್ಬೆ ಎದ್ದಿತ್ತು, ನೋವು ಮಾತ್ರ ಎದ್ದಿರಲಿಲ್ಲ. ನನ್ನ ದೇಹದ ಒಂದು ತುದಿ ನನಗೆ ಹೇಳದೆ ಕೇಳದೆ ಎಲ್ಲಿಗೋ ಹೊರಟುಹೋಗಿತ್ತು.

ವೈದ್ಯರು ಕಾಲನ್ನು ಸೂಜಿಯಿಂದ ಮುಟ್ಟಿ ಮುಟ್ಟಿ ನೋಡಿ, ಸಕ್ಕರೆ ಇಳಿಯದಿದ್ದರೆ ಈ ಕಾಲಿನ ಭರವಸೆ ಕೊಡಲಾರೆ ಎಂದರು. "ಜ್ವಾಳದ ರೊಟ್ಟಿಗೆ ಶುಗರ್ ಬರಾಂಗಿಲ್ಲಲ್ರಿ" ಎಂದು ನಮ್ಮ ಸೀಮೆಯ ಸನಾತನ ಸಿದ್ಧಾಂತವನ್ನು ಮುಂದಿಟ್ಟೆ. ಅವರು, "ಎಷ್ಟ ತಿಂತೀರಿ ಅನ್ನೋದರ ಮ್ಯಾಲೆ ಐತ್ರಿ ಅಕ್ಕೋರ" ಎಂದು ನನ್ನ ಶರೀರದ ವಿಸ್ತಾರವನ್ನು ಸಭ್ಯವಾಗಿ ಅವಲೋಕಿಸಿ, ಕೆಲವು ತಿಂಗಳು ರೊಟ್ಟಿ, ಅನ್ನ, ಸಿಹಿ ಮೂರನ್ನೂ ಬಂದ್ ಮಾಡಿಸಿದರು. ಗುಳಿಗೆಯನ್ನೂ ಅದಕ್ಕೆ ತಕ್ಕಂತೆ ಬದಲಿಸಿ ಕೊಟ್ಟರು. ಜೀವಮಾನವಿಡೀ ಮಕ್ಕಳಿಗೆ ಸಂಧಿ ಕಲಿಸಿದ ಪಾಪ ನನ್ನ ತಟ್ಟೆಗೆ ಬಂದು ತಟ್ಟಿತು: ರೊಟ್ಟಿಗೆ ಲೋಪ, ಹಕ್ಕರಕಿ ಸೊಪ್ಪಿಗೆ ಆಗಮ, ಅನ್ನದ ಜಾಗಕ್ಕೆ ಮೊಸರಿನ ಆದೇಶ. ಹಸೀನಾ ಕೂಡಲೇ ತಾನೂ ಜೊತೆಗೆ ಬಿಡುವುದಾಗಿ ಘೋಷಿಸಿದಳು. ಕಿರಾಣಿ ಅಂಗಡಿಯ ನಮ್ಮ ಯಜಮಾನರು, ಮಾತಿನಲ್ಲಿ ಮಹಾ ಜಿಪುಣರು, ಒಂದೂ ಮಾತಾಡದೆ ಮನೆಯಲ್ಲಿ ರೊಟ್ಟಿ ತಿನ್ನುವುದನ್ನು ನಿಲ್ಲಿಸಿದರು. ಅಂಗಡಿಯಲ್ಲಿ ತಿನ್ನುತ್ತಾರೆಂಬ ಗುಮಾನಿ ನನಗಿದೆ, ಪುರಾವೆ ಇಲ್ಲ.

ಒಬ್ಬರ ಪಥ್ಯಕ್ಕೆ ನಾಲ್ಕು ಜನರ ಬೆಂಬಲ ಬೇಕು ಎನ್ನುತ್ತಾರೆ. ನನಗೆ ಇಡೀ ಊರೇ ಸಿಕ್ಕಿತು. ಹಸೀನಾ ಓಣಿಗೆಲ್ಲ ಸಾರಿಬಿಟ್ಟಿದ್ದಳು. ಬಸ್ ನಿಲ್ದಾಣದ ಗಿರಮಿಟ್ಟಿನವನ ಮುಂದೆ ನಾನು ಸುಮ್ಮನೆ, ಕೇವಲ ವಾಸನೆಯ ಸಲುವಾಗಿ, ನಿಂತರೂ ಅವನು ಚುರಮುರಿಯ ಬುಟ್ಟಿಯ ಮೇಲೆ ಬಟ್ಟೆ ಎಳೆಯುತ್ತಿದ್ದ. ನಾನು ಎಂದೂ ನೋಡಿರದ ಹೆಂಗಸೊಬ್ಬಳು ಕೋಟೆಯ ದಾರಿಯಲ್ಲಿ ಎದುರಾಗಿ, ನಿಂತು, ನನ್ನ ಎಡಗಾಲನ್ನೇ ನೋಡುತ್ತ, "ಇವತ್ತ ಏನೂ ತಿಂದಿಲ್ಲಲ್ರಿ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದಳು. ಕಿಟಕಿಗಳಿಂದ, ಕಟ್ಟೆಗಳಿಂದ, ಮಗ್ಗದ ನೂಲಿನ ಹಿಂದಿನಿಂದ ಕಣ್ಣುಗಳು ನನ್ನ ಬಾಯಿಯನ್ನು ಕಾಯುತ್ತಿದ್ದವು. ಮೊದಮೊದಲು ಇದು ಪ್ರೀತಿ ಎನಿಸಿತು. ಆಮೇಲೆ, ನಿಜ ಹೇಳುತ್ತೇನೆ, ಸ್ವಲ್ಪ ಭಯವಾಯಿತು.

ಇಷ್ಟರಲ್ಲಿ ಅಬ್ಬಿಗೇರಿಯಿಂದ ಗಂಗಮ್ಮತ್ತೆಯ ಫೋನು ಬಂತು. ಅವರು ನಮ್ಮ ಯಜಮಾನರ ಸೋದರತ್ತೆ. ಎಂಬತ್ತು ದಾಟಿದ ಮುತ್ತೈದೆ, ಮನೆತನಕ್ಕೆಲ್ಲ ಹಿರಿಯರು. ಫೋನು ಎತ್ತಿದವರು ನಮ್ಮ ಜಿಪುಣರು. ನಾನು ಪಕ್ಕದಲ್ಲೇ ಕೂತು ಸೊಪ್ಪು ಸೋಸುತ್ತ ಆ ಸಂಭಾಷಣೆಯನ್ನು ಕೇಳಿದೆ.

"ಶಾಂತಾ ಹ್ಯಾಂಗದಾಳೋ?"

"ಅದಾಳ. ರೊಟ್ಟಿ ಬಿಟ್ಟಾಳ."

"ಯಾವಾಗಿಂದ?"

"ಹುಣ್ಣಿವಿ ಆದಮ್ಯಾಲಿಂದ."

"ಅನ್ನ?"

"ಅದನ್ನೂ ಬಿಟ್ಟಾಳ."

ಆಚೆಯಿಂದ "ಶಿವಾ" ಎಂಬ ಒಂದೇ ಶಬ್ದ ಬಂದು ಫೋನು ಬಂದಾಯಿತು. ನಮ್ಮ ಸೀಮೆಯವರಲ್ಲದ ಓದುಗರಿಗಾಗಿ ಇಲ್ಲೊಂದು ಟಿಪ್ಪಣಿ ಅಗತ್ಯ. ಎರೆಭೂಮಿಯ ಹಳ್ಳಿಗಳಲ್ಲಿ, ಹಾಸಿಗೆ ಹಿಡಿದವರ ಬಗ್ಗೆ "ರೊಟ್ಟಿ ಬಿಟ್ಟಾರಂತ" ಎಂದರೆ ಅದು ಪಥ್ಯದ ಮಾತಲ್ಲ. ಮೊದಲು ರೊಟ್ಟಿ ಬಿಡುತ್ತಾರೆ, ಆಮೇಲೆ ಗಂಜಿ, ಕೊನೆಗೆ ನೀರು. ರೊಟ್ಟಿ ಬಿಟ್ಟ ಸುದ್ದಿ ಬಂದರೆ ಬೀಗರು ಬಿಜ್ಜರು ಕೆಲಸ ಬಿಟ್ಟು, ಮುಖ ನೋಡಿ ಮಾತಾಡಿಸಿಕೊಂಡು ಬರಲು ಬಸ್ಸು ಹತ್ತುತ್ತಾರೆ. ವಾಚ್ಯಾರ್ಥ, ಲಕ್ಷ್ಯಾರ್ಥ ಎಂದು ವರ್ಷಗಟ್ಟಲೆ ಪಾಠ ಹೇಳಿದ ನಾನು ನನ್ನದೇ ವಾಚ್ಯಾರ್ಥದಲ್ಲಿ ಮುಳುಗಿ ಸೊಪ್ಪು ಸೋಸುತ್ತಿದ್ದೆ.

ಮರುದಿನ ಮಧ್ಯಾಹ್ನ ಅವರು ಬಂದರು. ಯಜಮಾನರು ಕೆಲಸದ ಮೇಲೆ ರೋಣಕ್ಕೆ ಹೋಗಿದ್ದರು, ಕರೆಂಟು ಇರಲಿಲ್ಲ. ನಡುಮನೆಯ ನಸುಗತ್ತಲಲ್ಲಿ ನಾನು ಕಾಲು ಚಾಚಿ ಕೂತಿದ್ದೆ. ಬಾಗಿಲು ತಟ್ಟಲಿಲ್ಲ, ಕರೆಯಲಿಲ್ಲ. ಗಂಗಮ್ಮತ್ತೆ ಮುಂದೆ, ಹಿಂದೆ ಅವರ ಸೊಸೆಯಂದಿರು, ಅಬ್ಬಿಗೇರಿಯ ಅವರ ಓಣಿಯ ಹೆಂಗಸರು. ಎಲ್ಲರೂ ಸಾಲಾಗಿ ಒಳಗೆ ಬಂದು ಗೋಡೆಗುಂಟ ಕೂತು, ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನನ್ನನ್ನೇ ನೋಡತೊಡಗಿದರು. ಚಹ ಮಾಡಲು ಎದ್ದರೆ, "ಏಳಬ್ಯಾಡವ್ವಾ, ಏಳಬ್ಯಾಡ" ಎಂದು ಕೂರಿಸಿದರು. ಒಬ್ಬಳು ಮೆಲ್ಲಗೆ, "ನೀರ ಇಳೀತಾವೇನ್ರಿ?" ಎಂದಳು. ನೀರು ಚೆನ್ನಾಗಿ ಕುಡಿಯಬೇಕೆಂದು ವೈದ್ಯರು ಹೇಳಿದ್ದರಲ್ಲ, "ಇಳೀತಾವ್ರಿ, ಭಾಳ ಇಳೀತಾವ" ಎಂದೆ. ಅವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಗೋಡೆಯ ಕಡೆಯಿಂದ ಪಿಸುಮಾತು ಕೇಳಿತು: "ಭಾಳ ಚಲೋ ಇದ್ಳು. ಒಬ್ಬರಿಗೂ ಎದುರಾಡಿದಾಕಿ ಅಲ್ಲ."

ಇದ್ದಳು! ನಾನು ಎದುರಿಗೇ ಕೂತಿದ್ದೆ. ವ್ಯಾಕರಣದ ಅಭ್ಯಾಸಬಲದಿಂದ ಕಾಲದೋಷವನ್ನು ತಿದ್ದಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಗಂಟುಗಳನ್ನು ಬಿಚ್ಚಿದರು. ಬೆಲ್ಲದ ಮಾದಲಿ, ಶೇಂಗಾ ಹೋಳಿಗೆ, ಬಟ್ಟೆಯಲ್ಲಿ ಸುತ್ತಿದ ಬಿಸಿ ಆರದ ರೊಟ್ಟಿ, ಮೇಲೊಂದು ಉಂಡೆ ಬೆಣ್ಣೆ. "ಏನರ ಆಸೆ ಐತೇನವ್ವಾ, ಬಾಯಿ ಬಿಟ್ಟ ಹೇಳು" ಎಂದು ಒಬ್ಬೊಬ್ಬರೂ ಕೇಳಿದರು. ಇದು ನನ್ನ ವ್ರತನಿಷ್ಠೆಯ ಪರೀಕ್ಷೆ, ಹಸೀನಾಳ ಯಾವುದೋ ಹೂಟ ಎಂದೇ ನಾನು ತಿಳಿದೆ. ಗಂಗಮ್ಮತ್ತೆ ಎದ್ದು ಬಂದು ಕುಂಕುಮ ಹಚ್ಚಿ, ಅಕ್ಕಿ, ಬೆಲ್ಲ, ಉತ್ತತ್ತಿ, ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಖಣ ಹಾಕಿ ನನ್ನ ಉಡಿ ತುಂಬಿದರು. ವೈದ್ಯರು ನಿಷೇಧಿಸಿದ್ದೆಲ್ಲವೂ ಹೀಗೆ ಏಕಕಾಲಕ್ಕೆ ಮಡಿಲು ಸೇರಿದ್ದನ್ನು ನೋಡಿ ನಗಬೇಕೆನ್ನುವಷ್ಟರಲ್ಲಿ, ಆ ಮುದುಕಿ ಸೆರಗು ಹಿಡಿದು ಬಾಗಿ ನನ್ನ ಕಾಲಿಗೆ ಹಣೆ ಹಚ್ಚಿದರು.

ಹಿರಿಯರು ಕಿರಿಯರ ಕಾಲಿಗೆ ಬೀಳುವುದಿಲ್ಲ. ಒಂದೇ ಒಂದು ಸಂದರ್ಭದಲ್ಲಿ ಬೀಳುತ್ತಾರೆ: ಮುತ್ತೈದೆಯಾಗಿ ಹೋಗುತ್ತಿರುವವಳಿಗೆ. ನನಗೆ ಆಗ ಅರ್ಥವಾಯಿತು. ಅದಕ್ಕಿಂತ ಭಯಂಕರವಾದದ್ದೂ ಅರ್ಥವಾಯಿತು. ಅವರ ಹಣೆ ನನ್ನ ಎಡಗಾಲ ಮೇಲಿತ್ತು; ಅದನ್ನು ನಾನು ಕಣ್ಣಿನಿಂದ ನೋಡುತ್ತಿದ್ದೆನೇ ಹೊರತು ಕಾಲಿಗೆ ಏನೂ ತಿಳಿಯುತ್ತಿರಲಿಲ್ಲ. ಇವರೆಲ್ಲ ತಪ್ಪು ತಿಳಿದು ಬಂದಿಲ್ಲ, ಸ್ವಲ್ಪ ಮುಂಚೆ ಬಂದಿದ್ದಾರೆ ಅಷ್ಟೆ ಎನಿಸಿತು.

"ಅಕ್ಕೋರ, ವಾಕಿಂಗ್ ಹೊತ್ತಾತು, ಏಳ್ರಿ!" ಎನ್ನುತ್ತ ಹಸೀನಾ ಬಂದಳು. ಬಾಗಿಲಲ್ಲೇ ನಿಂತು ಉಡಿ, ಗಂಟು, ಸೆರಗು ಕಚ್ಚಿದ ಬಾಯಿಗಳು ಎಲ್ಲವನ್ನೂ ನೋಡಿ, ಓಣಿಯಲ್ಲೇ ಬೆಳೆದವಳಾದ್ದರಿಂದ ಒಂದು ಕ್ಷಣದಲ್ಲಿ ಹಿಡಿದಳು. "ಅಯ್ಯ ಯವ್ವಾ! ಅಕ್ಕೋರು ರೊಟ್ಟಿ ಬಿಟ್ಟಾರ್ರಿ, ರೊಟ್ಟಿ ಅಕ್ಕೋರನ್ನ ಬಿಟ್ಟಿಲ್ಲ!" ಎಂದಳು. ಆಮೇಲೆ ಶುಗರ್, ದವಾಖಾನಿ, ಪಥ್ಯ ಎಲ್ಲವೂ ಬಯಲಾಗಿ, ಗೋಡೆಗುಂಟ ನಗುವೋ ನಗು. ನಗದೆ ಇದ್ದವರು ಗಂಗಮ್ಮತ್ತೆ ಮಾತ್ರ.

"ಹೋಗೋ ಮುತ್ತೈದಿ ಅಂತ ಕಾಲಿಗೆ ಬಿದ್ದೀನಿ," ಎಂದರು. "ಹಿರೇರ ನಮಸ್ಕಾರ ಸುಮ್ಮ ಹೋಗಂಗಿಲ್ಲ. ಒಂದ ತುತ್ತ ರೊಟ್ಟಿ ತಿನ್ನು. ಅಪಶಕುನ ಕಳೀಲಿ." ಬೆಣ್ಣೆ ಸವರಿದ ರೊಟ್ಟಿಯ ಚೂರು ನನ್ನ ಬಾಯಿಯ ಹತ್ತಿರ ಬಂತು. ಹೆಂಗಸರೆಲ್ಲ, "ಹೌದವ್ವಾ, ಒಂದ ತುತ್ತ" ಎಂದು ತಲೆ ಆಡಿಸಿದರು. ಆ ಪರಿಮಳವನ್ನು ವರ್ಣಿಸುವ ಶಕ್ತಿ ನನಗಿಲ್ಲ. ತಿನ್ನಬೇಕೆಂದು ಅಳುವಷ್ಟು ಆಸೆಯಾಯಿತು, ನನ್ನ ಕೈ ಆಗಲೇ ಮೇಲೆದ್ದಿತ್ತು. ಒಂದು ತುತ್ತು ಒಂದೇ ಆಗಿ ಉಳಿಯುವ ಜಾತಿಯವಳು ನಾನಲ್ಲ ಎಂಬುದು ಹಸೀನಾಳಿಗೂ ಗೊತ್ತು, ನನಗೂ ಗೊತ್ತು. ಅವಳು ಬಾಗಿಲಿಂದ ಮೆಲ್ಲಗೆ "ಅಕ್ಕೋರ, ಕಾಲ" ಎಂದಳು.

ನಾನು ಹೇಳಿದೆ: "ಅತ್ತಿ, ನೀವು ಹಣಿ ಹಚ್ಚಿದ್ದು ನನ್ನ ಕಾಲಿಗೆ ತಿಳೀಲೇ ಇಲ್ರಿ."

ಅವರು ರೊಟ್ಟಿ ಕೆಳಗಿಟ್ಟು, ನನ್ನ ಎಡಗಾಲ ಹೆಬ್ಬೆರಳನ್ನು ಹಿಡಿದು, ಉಗುರು ಊರಿ ಚೂಟಿದರು. ಚರ್ಮ ಬೆಳ್ಳಗಾಗಿ ಆಮೇಲೆ ಕೆಂಪಾಯಿತು. "ತಿಳೀತೇನ?" ಇಲ್ಲವೆಂದೆ. ನಗು ನಿಂತಿತು. "ನಮ್ಮಣ್ಣ, ನಿಮ್ಮ ಮಾವಂದೂ ಹಿಂಗ ಆಗಿತ್ತು," ಎಂದರು ಅತ್ತೆ, ನನ್ನ ಕಾಲಿಗೇ ಹೇಳುವಂತೆ. "ಹೊಲದಾಗ ಜಾಲಿಮುಳ್ಳ ಮುರದಿತ್ತು, ತಿಳೀಲಿಲ್ಲ. ತಿಳಿಯೂದ್ರಾಗ ಮೊಳಕಾಲತನಾ ತಗೀಬೇಕಾತು." ಸೊಸೆಯ ಕಡೆ ತಿರುಗಿ, "ಮುಚ್ಚು ಆ ಗಂಟು" ಎಂದರು. ಗಂಟುಗಳೆಲ್ಲ ಬಂದಂತೆಯೇ ಅಬ್ಬಿಗೇರಿಗೆ ಮರಳಿದವು. ನಮಸ್ಕಾರವನ್ನು ಮಾತ್ರ ಮರಳಿಸುವ ಉಪಾಯ ತಿಳಿಯದೆ ನಾನು ಅವರ ಕಾಲಿಗೆ ಬಿದ್ದೆ. ಅವರು ತಲೆ ಮುಟ್ಟಿದರು, ಆಶೀರ್ವಾದದ ಮಾತು ಆಡಲಿಲ್ಲ.

ಅಂದಿನಿಂದ ದಿನಾ ಸಂಜೆ ಅವರ ಫೋನು. "ಏನ ತಿಂದಿ?" ಎಂಬುದು ಮೊದಲ ಪ್ರಶ್ನೆ, "ಚೂಟಿ ನೋಡಿದೇನ?" ಎಂಬುದು ಕೊನೆಯದು. ಮಡಕೆ ಕಾಳಿನ ಪಲ್ಯ, ಅಗಸಿ ಚಟ್ನಿ, ಮೊಸರು ಎಂದು ನಾನು ಒಪ್ಪಿಸುತ್ತಿದ್ದೆ. ಒಂದು ದಿನ ಜೋಳದ ಅಂಬಲಿಯನ್ನು ಔಷಧವೆಂದು ವಾದಿಸಹೋಗಿ ಬೈಸಿಕೊಂಡೆ. ಊರಿನ ಕಣ್ಣುಗಳು ತಪ್ಪಿಸಲಾಗದಿದ್ದುದನ್ನು ಆ ದನಿ ತಪ್ಪಿಸಿತು. ಡಬ್ಬಿಯ ಮುಚ್ಚಳಕ್ಕೆ ಕೈ ಹೋದಾಗಲೆಲ್ಲ ಸಂಜೆ ಅವರಿಗೆ ಏನು ಹೇಳಲಿ ಎನಿಸಿ ಕೈ ಹಿಂದೆ ಬರುತ್ತಿತ್ತು. ಸಕ್ಕರೆ ಇಳಿಯುತ್ತ ಬಂತು. ಬೊಬ್ಬೆ ಮಾಯಿತು. ಬೆರಳು ಮಾತ್ರ ಮೂಕವಾಗಿಯೇ ಇತ್ತು.

ಒಂದು ಸಂಜೆ ಅತ್ತೆ ಪ್ರಶ್ನೆಗಳನ್ನೆಲ್ಲ ಮುಗಿಸಿ, "ಶಾಂತಾ, ನಾನೂ ರೊಟ್ಟಿ ಬಿಟ್ಟೆ ನೋಡು" ಎಂದರು.

ನನಗೆ ಎಷ್ಟು ಸಂತೋಷವಾಯಿತೆಂದರೆ, "ಭಾಳ ಚಲೋ ಮಾಡಿದ್ರಿ ಅತ್ತಿ! ನಮ್ಮ ಸಂಘಕ್ಕ ಇನ್ನ ನೀವ ಅಧ್ಯಕ್ಷರು" ಎಂದೆ. ಅವರೂ ನಕ್ಕರು. ಬಹಳ ಹೊತ್ತು ನಕ್ಕರು ಎಂದು ಈಗ ಅನಿಸುತ್ತದೆ. ಊಟಕ್ಕೆ ಕೂತಾಗ ಈ ಸುದ್ದಿಯನ್ನು ಯಜಮಾನರಿಗೆ ಹೇಳಿದೆ. ಅವರ ಕೈ ತಟ್ಟೆಯಲ್ಲೇ ನಿಂತಿತು. "ಅತ್ತಿಗೆ ಶುಗರ್ ಇಲ್ಲಲ್ಲ" ಎಂದರು.

ಒಂದೇ ಮಾತಿನಲ್ಲಿ ಎರಡು ಸಲ ಎಡವಿದ ಕನ್ನಡ ಪಂಡಿತೆ ನಾನು. ಮೊದಲ ಸಲ ಪಥ್ಯವನ್ನು ಅವರು ಸಾವೆಂದು ತಿಳಿದರು. ಎರಡನೆಯ ಸಲ ಸಾವನ್ನು ನಾನು ಪಥ್ಯವೆಂದು ತಿಳಿದು ಅಭಿನಂದಿಸಿದೆ. ಮುಂಜಾನೆಯ ಮೊದಲ ಬಸ್ಸಿಗೆ ಹೊರಟೆವು. ಅಬ್ಬಿಗೇರಿಯ ನಡುಮನೆಯಲ್ಲಿ ಅದೇ ಹೆಂಗಸರು ಗೋಡೆಗುಂಟ, ಅವೇ ಸೆರಗುಗಳು ಬಾಯಲ್ಲಿ. ಅವರ ಸಾಲಿನಲ್ಲಿ ನನಗಾಗಿ ಒಂದಿಷ್ಟು ಜಾಗ ಬಿಟ್ಟರು. ನಾನು ಹೋಗಿ ಅತ್ತೆಗೆ ಕುಂಕುಮ ಹಚ್ಚಿ ಉಡಿ ತುಂಬಿದೆ. ಅವರ ಕಾಲಿಗೆ ಹಣೆ ಹಚ್ಚಿ ಏನನ್ನೂ ಬೇಡಿಕೊಳ್ಳದೆ ಕಣ್ಣೀರಿಟ್ಟೆ. ಆಮೇಲೆ ಹಾಸಿಗೆಯ ಪಕ್ಕ, ನೆಲದ ಮೇಲೆ ಕಾಲು ಚಾಚಿ ಕೂತೆ.

ಅವರು ಕಣ್ಣು ತೆರೆಯಲಿಲ್ಲ. ಹೊದಿಕೆಯೊಳಗಿಂದ ಕೈ ಮಾತ್ರ ಹೊರಬಂತು, ನೆಲ ತಡವಿತು, ನನ್ನ ಎಡಗಾಲು ಸಿಕ್ಕಿದ ಮೇಲೆ ನಿಂತು ಹೆಬ್ಬೆರಳನ್ನು ಹಿಡಿಯಿತು. ಚೂಟುವ ಶಕ್ತಿ ಆ ಉಗುರುಗಳಲ್ಲಿ ಇರಲಿಲ್ಲ, ಸುಮ್ಮನೆ ಹಿಡಿದಿದ್ದರು. ತುಟಿಗಳು ಅಲುಗಿದ್ದರಿಂದ ಏನು ಕೇಳುತ್ತಿದ್ದಾರೆಂದು ಗೊತ್ತಾಯಿತು. ಆ ಕೈ ತಣ್ಣಗಿತ್ತು. ಅದು ಎಷ್ಟು ತಣ್ಣಗಿದೆ ಎಂಬುದು ನನ್ನ ಕಾಲಿಗೆ ತಿಳಿಯುತ್ತಿತ್ತು.

"ತಿಳೀತ್ರಿ ಅತ್ತಿ" ಎಂದೆ.