ತಾಕ್ ಮಲ್-ಸುನ್ ಅವರೂ ಅದಲುಬದಲಾದ ಪ್ಲಗ್ಗುಗಳೂ

ಕ್ರೇನು, ರೋಬಾಟು, ರೈಲು ಎಂದರೆ ಜನಕ್ಕೆ ನೆನಪಾಗುವುದು ಮೋಟಾರು. ಆ ಮೋಟಾರಿಗೆ ವಿದ್ಯುತ್ತನ್ನೂ ಅಪ್ಪಣೆಯನ್ನೂ ತಲುಪಿಸುತ್ತ, ಎಣ್ಣೆ, ಧೂಳು, ಉಪ್ಪುಗಾಳಿಗಳ ನಡುವೆ ವರ್ಷಗಟ್ಟಲೆ ಕಚ್ಚಿಕೊಂಡು ಕೂರಬೇಕಾದ ಮುಷ್ಟಿಗಾತ್ರದ ಕನೆಕ್ಟರನ್ನು ಯಾರೂ ನೆನೆಯುವುದಿಲ್ಲ. ನಮ್ಮ ಚಾಂಗ್ವಾನ್ ನಗರದಲ್ಲಿ ಅದನ್ನು ನೆನೆಯುವ ಕೆಲವರು ಮಾತ್ರ ಜೊತೆಗೇ ಶ್ರೀಮತಿ ತಾಕ್ ಮಲ್-ಸುನ್ ಅವರನ್ನೂ ನೆನೆಯುತ್ತಾರೆ. ನಮ್ಮ ಕನೆಕ್ಟರ್ ಕಾರ್ಖಾನೆಯಲ್ಲಿ ನಲವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ಡಿಸೆಂಬರಿನಲ್ಲಿ ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯಿರೆಂದು ಈ ಪತ್ರಿಕೆಯ ಸಂಪಾದಕರು ಕೇಳಿ ಎರಡು ತಿಂಗಳಾಯಿತು. ನಾಲ್ಕು ಸಲ ಬರೆದು ಹರಿದೆ. ಹೊಗಳಿಕೆ ಸಲೀಸಾಗಿ ಬರುತ್ತಿತ್ತು; ಹೇಳಲೇಬೇಕಾದ ಒಂದು ಸಂಗತಿ ಬರುತ್ತಿರಲಿಲ್ಲ.

ನಮ್‌ಹೇ ದ್ವೀಪದ ಬೆಳ್ಳುಳ್ಳಿ ಹೊಲಗಳಿಂದ ಹತ್ತೊಂಬತ್ತನೆಯ ವಯಸ್ಸಿಗೆ ಬಂದ ಅವರು, ತಂತಿಯ ತುದಿಗೆ ಪಿನ್ನು ಒತ್ತಿ ಕೂರಿಸುವ ಮೇಜಿನಲ್ಲಿ ಕೆಲಸ ಆರಂಭಿಸಿದರು. ಒತ್ತಿದ ಪ್ರತಿಯೊಂದು ತಂತಿಯನ್ನೂ ಒಮ್ಮೆ ಜಗ್ಗಿ ನೋಡುವುದು ಆಗ ಅವರಿಗೆ ಯಾರೂ ಹೇಳಿಕೊಡದ ಅಭ್ಯಾಸ. ಹದಿನೈದು ವರ್ಷಗಳ ನಂತರ ಅವರನ್ನು ಪರೀಕ್ಷಾ ವಿಭಾಗಕ್ಕೆ ತಂದದ್ದೂ ಅದೇ. ಅವರು ಕೂತದ್ದನ್ನು ಕಂಡವರು ಕಡಿಮೆ. ಊಟವನ್ನೂ ನಿಂತೇ ಮುಗಿಸಿ, ಏನನ್ನೋ ಮರೆತವರಂತೆ ಸಾಲಿನಿಂದ ಸಾಲಿಗೆ ಓಡಾಡುತ್ತಿದ್ದರು.

ವಿನ್ಯಾಸಕಾರನಾಗಿ ನಾನು, ಪ್ಯೋ ಇನ್-ಹ್ವಾನ್, ಒಂದು ವರ್ಷದ ಪರೀಕ್ಷಾವಧಿಯ ಮೇಲೆ ಸೇರಿದ್ದು ೨೦೦೮ರ ಅಕ್ಟೋಬರಿನಲ್ಲಿ. ಮೊದಲ ವಾರವೇ ತಾಕ್ ಅವರು ನನ್ನ ನಕ್ಷೆ ಹಿಡಿದು ಬಂದರು.

"ಏನಪ್ಪಾ ಇಂಜಿನಿಯರೇ, ಈ ಸ್ಕ್ರೂ ತಿರುಗಿಸೋಕೆ ನಿಮ್ಮನೇಲಿ ಯಾರಿಗಾದ್ರೂ ಆರು ಬೆರಳಿದ್ಯಾ?"

ಸಾಲಿನ ಹೆಂಗಸರೆಲ್ಲ ನಕ್ಕರು. ಆದರೆ ನನ್ನ ಬಾಡಿಗೆ ಕೋಣೆಯ ನೆಲದಡಿಯ ಬಿಸಿಕೊಳವೆ ಕೆಟ್ಟು ನಾನು ನಡುಗುತ್ತಿದ್ದ ಆ ಚಳಿಗಾಲದಲ್ಲಿ, ಮಾತಿಲ್ಲದೆ ನನ್ನ ಮೇಜಿನ ಮೇಲೆ ವಿದ್ಯುತ್ ಕಂಬಳಿಯೊಂದನ್ನು ಇಟ್ಟುಹೋದವರೂ ಅವರೇ. ಅದರ ಪ್ಲಗ್ಗನ್ನು ಬಿಚ್ಚಿ ಪರೀಕ್ಷಿಸಿ ಮತ್ತೆ ಮುಚ್ಚಿದ್ದ ಗುರುತಿತ್ತು.

ಇನ್ನು ಆ ಸಂಗತಿ. ೨೦೦೯ರ ಅಕ್ಟೋಬರಿನಲ್ಲಿ ಗೊಜೆ ದ್ವೀಪದ ಹಡಗುಕಟ್ಟೆಯೊಂದರ ದೊಡ್ಡ ಕ್ರೇನಿಗೆ ನಮ್ಮ ಕನೆಕ್ಟರುಗಳು ಹೋಗಿದ್ದವು. ಕ್ರೇನಿನ ಪ್ರತಿ ವಿದ್ಯುತ್ ಪೆಟ್ಟಿಗೆಯಲ್ಲೂ ಅಕ್ಕಪಕ್ಕ ಎರಡು ಸಾಕೆಟ್ಟು: ಒಂದು ಮೋಟಾರಿನ ವಿದ್ಯುತ್ತಿಗೆ, ಇನ್ನೊಂದು ಬ್ರೇಕಿಗೆ ಅಪ್ಪಣೆ ಒಯ್ಯುವ ಸಣ್ಣ ತಂತಿಗಳಿಗೆ. ಒಂದರ ಪ್ಲಗ್ಗು ಇನ್ನೊಂದರೊಳಗೆ ಹೋಗದಂತೆ ತಡೆಯುವ ಪುಟ್ಟ ಕಡ್ಡಿಗಳನ್ನು ಬೇರೆಬೇರೆ ಮೂಲೆಗಳಲ್ಲಿ ಇಡಬೇಕು. ನಾನು ಎರಡರಲ್ಲೂ ಒಂದೇ ಮೂಲೆಯಲ್ಲಿ ಇಟ್ಟಿದ್ದೆ.

ಒಂದು ಶುಕ್ರವಾರ ಊಟದ ಬಿಡುವಿನಲ್ಲಿ, ಕೈ ಸುಮ್ಮನಿರಲಾರದೆ, ಉಳಿಸಿಕೊಂಡಿದ್ದ ಮಾದರಿಗಳನ್ನು ಹಾಕಿ ತೆಗೆಯುತ್ತಿದ್ದ ತಾಕ್ ಅವರಿಗೆ ಅದು ತಿಳಿಯಿತು. ನೇರ ನನ್ನ ಮೇಜಿಗೆ ಬಂದು ಎಲ್ಲವನ್ನೂ ಸುರಿದರು.

"ಇದನ್ನ ತಪ್ಪಾಗಿ ಹಾಕು ನೋಡೋಣ."

ಹಾಕಿದೆ. ಟಕ್ಕೆಂದು ಕೂತಿತು.

"ಯಾವಾಗ ಗೊತ್ತಾಯ್ತು?"

"ಈಗಲೇ ಅಕ್ಕ."

ಅವರು ನನ್ನ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದರು. "ತಪ್ಪಾಗಿ ಹಾಕು ಅಂದ್ರೆ, ಅದು ಹೋಗಲ್ಲ ಅಂತ ಒಂದು ಮಾತೂ ಆಡ್ಲಿಲ್ವಲ್ಲ ನೀನು" ಎಂದಷ್ಟೇ ಹೇಳಿ ವ್ಯವಸ್ಥಾಪಕರ ಕೋಣೆಗೆ ನಡೆದರು.

ಮುಂದಿನ ತಿಂಗಳು ಕ್ರೇನು ಮೊದಲ ತಪಾಸಣೆಗೆ ನಿಂತಾಗ ಸದ್ದಿಲ್ಲದೆ ಬದಲಿಸೋಣ, ಈಗ ಬಾಯಿಬಿಟ್ಟರೆ ಮುಂದಿನ ಗುತ್ತಿಗೆ ಕೈತಪ್ಪುತ್ತದೆ ಎಂದರು ವ್ಯವಸ್ಥಾಪಕರು. ತಾಕ್ ಅವರು ಅಲ್ಲಿಂದಲೇ ಹಡಗುಕಟ್ಟೆಗೆ ಫೋನು ಮಾಡಿದರು, ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಅಪ್ಪಣೆಯಿಲ್ಲದೆ ನನ್ನನ್ನೂ ಎಳೆದುಕೊಂಡು ಕಾರು ಸಾಗಿಸುವ ದೋಣಿ ಹತ್ತಿದರು. ಕ್ರೇನಿಗೆ ಮೊದಲ ಸಲ ವಿದ್ಯುತ್ ಕೊಡಲಿದ್ದದ್ದು ಅದೇ ಮಧ್ಯಾಹ್ನ.

ದೋಣಿಯ ಮೇಲೂ ಅವರು ಕೂರಲಿಲ್ಲ. ಈ ಕಟಕಟೆಯಿಂದ ಆ ಕಟಕಟೆಗೆ ಓಡಾಡಿದರು. ನನಗೆ ತಡೆಯಲಾಗಲಿಲ್ಲ.

"ಅಕ್ಕ, ನನಗೆ ಮಂಗಳವಾರವೇ ಗೊತ್ತಿತ್ತು. ಕೆಲಸ ಕಾಯಂ ಆಗೋ ಪತ್ರ ಈ ವಾರ ಬರಬೇಕಿತ್ತು. ಯಾರೂ ಅದಲುಬದಲು ಮಾಡಲ್ಲ ಅಂದ್ಕೊಂಡೆ."

"ಅದನ್ನ ನನ್ನ ಹತ್ರ ಹೇಳಿ ಏನಾಗ್ಬೇಕು? ಕ್ರೇನ್ ಹತ್ತೋರ ಹತ್ರ ಹೇಳು."

ಅಲ್ಲಿಯ ವಿದ್ಯುತ್ ವಿಭಾಗದ ಮುಖ್ಯಸ್ಥ ಯೋಮ್ ಗಿಲ್-ಸಾಂಗ್ ನಮ್ಮನ್ನು ಕಂಡು ನಕ್ಕರು. "ಮಾಲು ಮಾರಿದ ಮೇಲೂ ಕ್ಷೇಮ ವಿಚಾರಿಸೋಕೆ ಬಂದೋರು ನೀವೇ ಮೊದಲು!"

ತಪ್ಪು ನನ್ನದು ಎಂದೆ. ಮಂಗಳವಾರವೇ ಗೊತ್ತಿತ್ತೆಂಬ ಮಾತನ್ನು ಮಾತ್ರ ನುಂಗಿಕೊಂಡೆ. ಯೋಮ್ ನಗು ನಿಲ್ಲಿಸಿ ಎಲ್ಲರನ್ನೂ ಕೆಳಗಿಳಿಸಿದರು. ನಾವು ಮೂವರೂ ಮೆಟ್ಟಿಲು ಹತ್ತಿ ಒಂದೊಂದೇ ಪೆಟ್ಟಿಗೆ ತೆರೆದೆವು. ಹನ್ನೊಂದನೆಯದರಲ್ಲಿ ಪ್ಲಗ್ಗುಗಳು ಅದಲುಬದಲಾಗಿದ್ದವು. ಬ್ರೇಕಿನ ತಂತಿಗಳ ಮೇಲೆ ಮೋಟಾರಿನ ವಿದ್ಯುತ್ತು ಹರಿಯಲಿದ್ದ ಹೊತ್ತಿಗೆ, ಆ ತಂತಿಗಳ ಇನ್ನೊಂದು ತುದಿಯಲ್ಲಿ ಫಲಕ ತೆರೆದು ಕೈಯಿಟ್ಟು ನಿಲ್ಲಬೇಕಿದ್ದವರು ಇಬ್ಬರು. ಯೋಮ್ ಎರಡೂ ಪ್ಲಗ್ಗುಗಳನ್ನು ತಾವೇ ಕಿತ್ತು ತೆಗೆದರು. ತಾಕ್ ಅವರು ಉಳಿದ ಐದು ಪೆಟ್ಟಿಗೆಗಳನ್ನೂ ತೆರೆದರು.

ಗುತ್ತಿಗೆ ಕೈತಪ್ಪಿತು. ಸಿಗಬೇಕಿದ್ದ ಬಡ್ತಿ ಅವರಿಗೆ ನಾಲ್ಕು ವರ್ಷ ಸಿಗಲಿಲ್ಲ. ವರದಿಯನ್ನು ಅವರೇ ಬರೆದರು: ನಕ್ಷೆಯಲ್ಲಿ ತಪ್ಪಿದವನು ಪ್ಯೋ ಇನ್-ಹ್ವಾನ್, ಪರೀಕ್ಷೆಯಲ್ಲಿ ಹಿಡಿಯದೆ ಬಿಟ್ಟವಳು ತಾಕ್ ಮಲ್-ಸುನ್. ತಪ್ಪು ಮೊದಲು ತಿಳಿದ ದಿನ ಎಂಬ ಸಾಲನ್ನು ಖಾಲಿ ಬಿಟ್ಟು ನನ್ನ ಮುಂದೆ ಇಟ್ಟರು. "ಅದು ನೀನು ಬರೆಯೋದು."

ನಾನು ಶುಕ್ರವಾರ ಎಂದು ಬರೆದೆ. ಅವರು ಓದಿದರು, ಮಡಿಚಿದರು, ಕಳಿಸಿದರು. ಕೆಲಸ ಕಾಯಂ ಆಯಿತು. ಆಮೇಲೆ ನನ್ನ ಒಂದು ನಕ್ಷೆಯನ್ನೂ ಅವರು ಎರಡು ಸಲ ನೋಡದೆ ಬಿಟ್ಟಿಲ್ಲ; ಹದಿನಾರು ವರ್ಷಗಳಲ್ಲಿ ಒಮ್ಮೆಯೂ ಆ ದಿನದ ಮಾತೆತ್ತಿಲ್ಲ. ಎತ್ತಿದ್ದರೆ ನನಗೆ ನಿದ್ದೆ ಚೆನ್ನಾಗಿ ಬರುತ್ತಿತ್ತೇನೋ.

ಕಳೆದ ವಾರ ಊಟದ ಕೋಣೆಯಲ್ಲಿ ನಿಂತು ಕಿತ್ತಳೆ ಸುಲಿಯುತ್ತಿದ್ದ ಅವರಿಗೆ, ಈ ಲೇಖನದಲ್ಲಿ ಅದನ್ನು ಬರೆಯುತ್ತೇನೆಂದೆ.

"ಬರಿ. 'ಕೆಲವು ದಿನ ಮೊದಲೇ ಗೊತ್ತಿತ್ತು' ಅಂತೆಲ್ಲ ಸುತ್ತಿಬಳಸಬೇಡ."

ಆದ್ದರಿಂದ ಬರೆಯುತ್ತಿದ್ದೇನೆ: ೨೦೦೯ರ ಅಕ್ಟೋಬರ್ ೧೩, ಮಂಗಳವಾರ, ಬೆಳಿಗ್ಗೆ ನನಗೆ ಗೊತ್ತಿತ್ತು.

ನಿವೃತ್ತಿಯ ನಂತರ ವಾರಕ್ಕೆರಡು ದಿನ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳಲು ಅವರು ಒಪ್ಪಿದ್ದಾರೆ. ಅಲ್ಲಿಯೂ ಅವರಿಗೆ ಕುರ್ಚಿ ಬೇಕಾಗಲಾರದು. ಆ ಕಾಲುಗಳಿಗೆ ನೋವು ಬಾರದಿರಲಿ, ಆಯುಷ್ಯ ದೀರ್ಘವಾಗಿರಲಿ. ನನ್ನಂಥವರ ಕೆಲಸವನ್ನು ನಂಬದೆ ನೋಡುವ ಆ ಕಣ್ಣು ನೂರು ವರ್ಷವಾದರೂ ಮಂಜಾಗದಿರಲಿ.