‘ಎಳೀತದ’ ಅಂದ ಕಾರಿನಲ್ಲಿ ವೇರೂಳಿನವರೆಗೆ

ಶನಿವಾರ ಬೆಳಿಗ್ಗೆ ನಾಸಿಕದ ಹತ್ತಿರದ ಓಝರಿನ ನಮ್ಮ ಮನೆಯಿಂದ ಹೊರಟಾಗ ಕಾರಿನಲ್ಲಿ ಮೂವರಿದ್ದೆವು: ಅಕ್ಕ, ಭಾವ, ನಾನು. ಹಿಂದೆ ಕೊಂಡಿಗೆ ಸಿಕ್ಕಿಸಿದ ಟ್ರಾಲಿಯಲ್ಲಿ ಅಕ್ಕನ ಅಂಗಡಿ ಪೂರ್ತಿ ಇತ್ತು. ಒಲೆ, ಬಾಣಲೆ, ಜೋಳದ ಹಿಟ್ಟಿನ ಡಬ್ಬಿಗಳು. ಭಾವನಿಗೆ ಬ್ಯಾಂಕಿನವರು ಸಂಭಾಜಿನಗರಕ್ಕೆ ವರ್ಗ ಮಾಡಿದ್ದರು. ಅಕ್ಕ ಅಲ್ಲಿಗೆ ಸಮೀಪದ ದೌಲತಾಬಾದ್ ಕೋಟೆಯ ಹತ್ತಿರ ಮಿರ್ಚಿ, ಗಿರಮಿಟ್ಟು, ರೊಟ್ಟಿ ಮಾರಲು ಜಾಗ ಗೊತ್ತುಮಾಡಿಕೊಂಡಿದ್ದಳು. ಜಾಗದವರ ಷರತ್ತು ಒಂದೇ: ಬೆಳಿಗ್ಗೆ ಟ್ರಾಲಿ ತರಬೇಕು, ಸಂಜೆ ಒಯ್ಯಬೇಕು.

ದಿನಾ ಎಳೆಯಲು ಸಣ್ಣದೊಂದು ಗಾಡಿ ಬೇಕಿತ್ತು. ಅದಕ್ಕಾಗಿ ನಾಸಿಕದ ಶೋರೂಮುಗಳನ್ನೆಲ್ಲ ಸುತ್ತಿದ್ದೆವು. ಸಣ್ಣವು ಎಳೆಯುವುದಿಲ್ಲ; ಎಳೆಯುವಂಥವು ಓಣಿಯಲ್ಲಿ ತಿರುಗುವುದಿಲ್ಲ, ಭಾವನ ಸಂಬಳಕ್ಕೂ ಬಗ್ಗುವುದಿಲ್ಲ. ನಡುವೆ ಏನೂ ಯಾಕಿಲ್ಲ ಎಂದರೆ, ಯಾರೂ ಕೇಳುವುದಿಲ್ಲ ಎಂಬ ಉತ್ತರ. ಹಾಗಾದರೆ ಈಗ ಕೇಳುತ್ತಿರುವ ನಾವು ಯಾರು ಎಂದು ವಾದಿಸಿದೆ. ಚಹಾ ಕೊಟ್ಟು ಕಳಿಸಿದರು.

ಕೊನೆಗೆ ಭಾವ ಹಳೆಯ ಪುಟ್ಟ ಕಾರೊಂದನ್ನು ಕೊಂಡು ಹಿಂದೆ ಕೊಂಡಿ ಬೆಸುಗೆ ಹಾಕಿಸಿದ್ದರು.

“ಮಾರಿದಾಂವ ಕನ್ನಡದಾಂವನ. ಎಳೀತದೇನ್ರಿ ಅಂತ ಕೇಳಿದೆ, ಭಾಳ ಚೊಲೋ ಎಳೀತದ ಅಂದಾ,” ಎಂದರು, ನಿಫಾಡ ದಾಟುವಾಗ.

“ಏನನ್ನ ಎಳೀತದ ಅಂತ ಕೇಳಿದ್ರೇನು?” ಎಂದೆ.

“ನಿಂದು ಇಲ್ಲೂ ಡಿಬೇಟ್ ಶುರುವಾತೇನವಾ?” ಎಂದಳು ಅಕ್ಕ.

ಮಾರಿದವನು ಸುಳ್ಳು ಹೇಳಿರಲಿಲ್ಲ. ನಮ್ಮ ಮಾತಿನಲ್ಲಿ ಕಾರು ಎಳೆಯುತ್ತದೆ ಎಂದರೆ ನಾಲ್ಕು ಜನರನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡು, ಏದುಸಿರಿಲ್ಲದೆ ಏರು ಹತ್ತುತ್ತದೆ ಎಂದಷ್ಟೇ ಅರ್ಥ. ಹಿಂದೆ ಒಂದು ಅಡುಗೆಮನೆ ಕಟ್ಟಿದರೆ ಏನು ಎಂದು ಅವನನ್ನು ಕೇಳಿದವರಿಲ್ಲ. ವಾದಕ್ಕೆ ಮುಂಚೆ ಪದದ ಅರ್ಥ ಗೊತ್ತುಮಾಡಿಕೊಳ್ಳಬೇಕೆಂದು ಕಾಲೇಜಿನಲ್ಲಿ ನಮಗೆ ತಿದ್ದಿ ತಿದ್ದಿ ಕಲಿಸಿದ್ದರು. ಬೆಸುಗೆಯಾದ ಮೇಲೆ ಆ ಪಾಠದಿಂದ ಉಪಯೋಗವಿರಲಿಲ್ಲ.

ಯೇವಲೆಯವರೆಗೆ ರಸ್ತೆ ಸಮ, ಬಿಸಿಲೂ ಹಿತವಾಗಿತ್ತು. ಅಲ್ಲಿ ಅವಲಕ್ಕಿಯ ಪೋಹೆ ತಿಂದೆವು. ವೈಜಾಪುರ ದಾಟಿದ ಮೇಲೆ ಸುಟ್ಟ ವಾಸನೆ ಬಂತು.

“ಯಾರೋ ಹೊಲದಾಗ ಕಸ ಸುಡ್ಲಿಕ್ಕತ್ತಾರ,” ಎಂದರು ಭಾವ.

ಸ್ವಲ್ಪ ದೂರ ಹೋದ ಮೇಲೆ ನಾನೆಂದೆ: “ಭಾವಾ, ಆ ಹೊಲ ನಮ್ಮ ಜೋಡೀನ ಬರ್ಲಿಕ್ಕತ್ತದ.”

ಗುಹೆಗಳಿರುವ ವೇರೂಳಿನಲ್ಲಿ ದೇವಸ್ಥಾನದ ತಿರುವು ಕಳೆದು ಏರು ಶುರುವಾಯಿತು. ಕಾರು ಹೊಗೆ ಬಿಟ್ಟು ನಿಂತಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಅಕ್ಕ ಜಿಗಿದಿಳಿದು ಟ್ರಾಲಿಯ ಚಕ್ರಕ್ಕೆ ಕಲ್ಲು ಕೊಟ್ಟಳು. ಕ್ಲಚ್ ಸುಟ್ಟುಹೋಗಿತ್ತು.

ಹಿಂದಿನಿಂದ ಬಂದ ಟ್ರ್ಯಾಕ್ಟರಿನ ರೈತ ನಿಲ್ಲಿಸಿ ಕೇಳಿದ: “ಕಾಯ್ ಓಢಾಯ್‌ಚಂ ತಾಈ? ಗಾಡೀ ಕೀ ಟ್ರಾಲೀ?”

ಯಾವುದನ್ನು ಎಳೆಯಬೇಕು ಎಂಬ ಪ್ರಶ್ನೆಯನ್ನು ಕೊನೆಗೂ ಒಬ್ಬರು ಸರಿಯಾಗಿ ಕೇಳಿದ್ದರು. “ದೋನ್ಹೀ,” ಎಂದಳು ಅಕ್ಕ. ಎರಡನ್ನೂ.

ಏರಿನ ಬುಡದಲ್ಲೇ ಇದ್ದ ತನ್ನ ಮನೆಯಂಗಳಕ್ಕೆ ಎರಡನ್ನೂ ಒಂದೊಂದಾಗಿ ಎಳೆದು ತಂದ. ದೌಲತಾಬಾದಿಗೂ ಬಿಟ್ಟುಬರುತ್ತೇನೆ, ಆದರೆ ಸಂಜೆ ಒಯ್ಯುವವರು ಯಾರು, ನಾಳೆ ತರುವವರು ಯಾರು ಎಂದು ಕೇಳಿದ.

“ಇದನ್ನ ಮಾರಿ ಬ್ಯಾರೆ ಸಣ್ಣ ಗಾಡಿ ನೋಡೂಣು,” ಎಂದೆ.

“ಎಲ್ಲದ?” ಎಂದಳು ಅಕ್ಕ.

ಟ್ರಾಲಿಯ ಸುತ್ತ ಒಂದು ಸಲ ನಡೆದು, ಕೋಟೆಯ ಜಾಗದವರಿಗೆ ಫೋನ್ ಮಾಡಿ, ಬರುವುದಿಲ್ಲ ಎಂದು ಹೇಳಿದಳು. ಆಮೇಲೆ ಟ್ರ್ಯಾಕ್ಟರಿನವನ ಕಡೆ ತಿರುಗಿ, ಟ್ರಾಲಿ ನಿಮ್ಮ ಅಂಗಳದಲ್ಲೇ ನಿಲ್ಲಿಸಿ ಅಂಗಡಿ ನಡೆಸಬಹುದೇ, ಬಾಡಿಗೆ ಕೊಡುತ್ತೇನೆ ಎಂದು ಮರಾಠಿಯಲ್ಲಿ ಕೇಳಿದಳು. ಅವನು ಹೆಂಡತಿಯನ್ನು ಕೇಳಿ ಬಂದು ಒಪ್ಪಿದ.

ಭಾನುವಾರ ಮೊದಲ ಮಿರ್ಚಿ ಆ ಮನೆಯವರಿಗೇ ಹೋಯಿತು. ಗಿರಾಕಿಗಳು ವಿರಳ. ಗುಹೆ, ದೇವಸ್ಥಾನ ಮುಗಿಸಿದವರು ಈ ಏರು ಕಂಡರೆ ಗಾಡಿ ಜೋರು ಮಾಡುತ್ತಾರೆಯೇ ಹೊರತು ನಿಲ್ಲಿಸುವುದಿಲ್ಲ.

“ಇಲ್ಲಿ ಯಾರು ನಿಲ್ತಾರ ಅಕ್ಕಾ?”

“ನಮ್ಮಂಥಾವ್ರು ಇರ್ತಾರಲ್ಲ. ಗಾಡಿ ಎಳೀಲಿಲ್ಲಂದ್ರ ಮಂದಿ ಇಳೀತಾರ,” ಎಂದಳು, ಬಾಣಲೆಯಿಂದ ಕಣ್ಣು ತೆಗೆಯದೆ.

ಮಧ್ಯಾಹ್ನ ನಾನು ಓಝರಿಗೆ ಮರಳಲು ವೈಜಾಪುರದ ಬಸ್ಸು ಹತ್ತಿದೆ. ಕಿಟಕಿಯಿಂದ ಹಿಂತಿರುಗಿ ನೋಡಿದಾಗ ಭಾವ ಮತ್ತು ರೈತ ಟ್ರಾಲಿಯ ಕೆಳಗೆ ಇಟ್ಟಿಗೆ ಜೋಡಿಸುತ್ತಿದ್ದರು. ಟೈರುಗಳು ಹಾಳಾಗದಿರಲಿ ಎಂದು ಎತ್ತಿ ನಿಲ್ಲಿಸಿದ್ದರು. ಚಕ್ರಗಳು ನೆಲದಿಂದ ಗೇಣುದ್ದ ಮೇಲಿದ್ದವು.