ಹ್ಮು ಅಜ್ಜಿಯ ‘ನೋ’

ಸೌದಿಯ ಪಕ್ಕದ ದ್ವೀಪದೇಶದ ರಿಫಾ ಪಟ್ಟಣದ ಒಂದು ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳ ವಿವರ ಬರೆದುಕೊಳ್ಳುವ ಮೇಜು ನನ್ನದು. ಅಲ್ಲಿನ ಕಂಪ್ಯೂಟರಿನಲ್ಲಿ ಹೆಸರು, ವಯಸ್ಸುಗಳ ಕೆಳಗೆ ‘ಭಾಷೆ’ ಎಂಬ ಪುಟ್ಟ ಚೌಕವಿದೆ. ಒತ್ತಿದರೆ ಜಗತ್ತಿನ ಸಮಸ್ತ ಮಾನವಕೋಟಿಯೂ ಒಂದು ಗೇಣುದ್ದದ ಪಟ್ಟಿಯಲ್ಲಿ ಮಡಚಿಕೊಂಡು ಕುಳಿತಿರುತ್ತದೆ. ಮಿತ್ರರೇ, ನಗಬೇಡಿ, ತುಳು ಬಿಟ್ಟು ಬೇರೆ ನುಡಿಯನ್ನೇ ಆಡದ ನನ್ನ ತಾಯಿ ಊರಿನಿಂದ ಬಂದು ಜ್ವರ ಹಿಡಿಸಿಕೊಂಡಾಗ ಅವರನ್ನು ‘ಹಿಂದಿ’ ಎಂದು ದಾಖಲಿಸಿದ ಮಹಾನುಭಾವ ನಾನೇ.

ಆದುದರಿಂದ ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡ ಚೀನಾದ ಅಜ್ಜಿಯೊಬ್ಬರನ್ನು ಪಕ್ಕದ ಮನೆಯವರು ಕಾರಿನಲ್ಲಿ ಕರೆತಂದು ಬಿಟ್ಟುಹೋದಾಗ, ನಾನು ಕ್ಷಣವೂ ಯೋಚಿಸದೆ ‘ಚೈನೀಸ್’ ಒತ್ತಿದೆ. ಅಜ್ಜಿಯ ಮಗ ಎಂಜಿನಿಯರ್, ಕೆಲಸಕ್ಕೆಂದು ಸೇತುವೆ ದಾಟಿ ಸೌದಿಗೆ ಹೋಗಿದ್ದ, ಫೋನು ಎತ್ತುತ್ತಿರಲಿಲ್ಲ. ಎದುರಿನ ಅಂಗಡಿಯ ಚೀನೀ ಹೆಂಗಸನ್ನು ಕರೆಸಿದೆವು. ಆಕೆ ಅಜ್ಜಿಯ ಮಾತು ಕೇಳಿ, ಇದು ಯಾವುದೋ ಗುಡ್ಡದವರ ಭಾಷೆ, ತನಗೊಂದು ಪದವೂ ತಿಳಿಯದು ಎಂದು, ತುಸು ಅವಮಾನವಾದವಳಂತೆ ಹೊರಟುಹೋದಳು.

ಎಲುಬು ಪಕ್ಕಕ್ಕೆ ಸರಿದಿತ್ತು. ಅರಿವಳಿಕೆ ಕೊಟ್ಟು ಕೂಡಿಸಬೇಕು, ಡಾಕ್ಟರು ಸಿದ್ಧವಾಗಿದ್ದರು. ಅದಕ್ಕೆ ಮೊದಲು ಕೇಳಲೇಬೇಕಾದ ಪ್ರಶ್ನೆ ಒಂದೇ: ಹೊಟ್ಟೆ ಖಾಲಿ ಇದೆಯೇ? ಮಂಗಳೂರು ಕಡೆಯ ನರ್ಸ್ ಲವೀನಾ ಐದು ಬೆರಳನ್ನು ಬಾಯಿಯ ಬಳಿ ಒಯ್ದು, ಹುಬ್ಬೇರಿಸಿ, ಅಭಿನಯಿಸಿ ಕೇಳಿದಳು. ಅಜ್ಜಿ ಸ್ಪಷ್ಟವಾಗಿ ಉತ್ತರಿಸಿದರು:

“ನೋಂ ಕಾ ಯಾಂ.”

“ನೋ ಅಂತೆ ಶೇಖರಣ್ಣ,” ಎಂದು ಲವೀನಾ ಕಾಗದದ ಮೇಲೆ ಗುರುತು ಹಾಕಿಯೇ ಬಿಟ್ಟಳು. “ಏನೂ ತಿನ್ಲಿಲ್ಲ ಅಂತ ಹೇಳ್ತಿದ್ದಾರೆ. ಪಾಪ, ಇಂಗ್ಲಿಷ್ ಸ್ವಲ್ಪ ಬರ್ತದೆ ಕಾಣ್ತದೆ.”

“ಬಾಯಿ ನೋ ಅಂತದೆ, ತಲೆ ಹೌದು ಅಂತ ಆಡಿಸ್ತಾ ಉಂಟಲ್ಲ ಮಾರಾಯ್ತಿ?”

“ನಮ್ಮವರು ಹೌದಿಗೂ ಇಲ್ಲಕ್ಕೂ ಒಂದೇ ತಲೆ ಆಡಿಸುದಿಲ್ವಾ? ಹಾಗೇ ಇದು.”

ಮೂರು ಸಲ ಕೇಳಿದರೂ ಅಜ್ಜಿ ಅದನ್ನೇ, ಪ್ರತಿಸಲವೂ ಇನ್ನಷ್ಟು ಗಟ್ಟಿಯಾಗಿ, ಕಿವುಡರಿಗೆ ಹೇಳುವಂತೆ ಹೇಳಿದರು. ಗಾಲಿಮಂಚ ಹೊರಟಿತು. ಆದರೂ ಆ ತಲೆಯಾಟ ನನ್ನನ್ನು ಬಿಡಲಿಲ್ಲ. “ಐದು ನಿಮಿಷ ನಿಲ್ಲಿಸಿ ಡಾಕ್ಟ್ರೇ,” ಎಂದು ಬೇಡಿಕೊಂಡು ಮಗನ ನಂಬರಿಗೆ ಮತ್ತೆ ಮತ್ತೆ ಕರೆ ಮಾಡಿದೆ. ಏಳನೆಯ ಸಲ ಅವನು ಎತ್ತಿದ. ಫೋನನ್ನು ಸ್ಪೀಕರಿಗೆ ಹಾಕಿ ಅಜ್ಜಿಯ ಮುಂದೆ ಹಿಡಿದೆ. ಅವರು ಸಿಡಿಮಿಡಿಯಿಂದ ನಮ್ಮೆಲ್ಲರ ಮೇಲೂ ದೂರು ಹೇಳಿದ್ದು ಭಾಷೆ ಬಾರದಿದ್ದರೂ ಅರ್ಥವಾಯಿತು. ಮಗ ಮೊದಲು ನಕ್ಕ, ಆಮೇಲೆ ಗಾಬರಿಯಿಂದ ಇಂಗ್ಲಿಷಿನಲ್ಲಿ ಹೇಳಿದ: “ನಿಲ್ಲಿಸಿ! ‘ನೋಂ ಕಾ ಯಾಂ’, ಅಂದರೆ ‘ಊಟ ಆಯ್ತು’ ಅಂತ ಆಗಿನಿಂದ ಹೇಳುತ್ತಿದ್ದಾಳಂತೆ. ಬೀಳುವ ಮೊದಲು ಎರಡು ಬಟ್ಟಲು ಅನ್ನ ಉಂಡಿದ್ದಾಳೆ.”

ತುಂಬಿದ ಹೊಟ್ಟೆಯಲ್ಲಿ ಅರಿವಳಿಕೆ ಕೊಟ್ಟಿದ್ದರೆ, ಉಂಡದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದಿತ್ತು. ಲವೀನಾ ಕಾಗದ ತೆಗೆದು ತಾನು ಹಾಕಿದ್ದ ಗುರುತನ್ನು ಹೊಡೆದುಹಾಕಿದಳು. “ಶೇಖರಣ್ಣ, ನಾನೇ ಬರ್ದದ್ದಲ್ವಾ ಅದು.” ‘ಚೈನೀಸ್’ ಎಂದು ಬರೆದದ್ದು ನಾನೇ ಆದ್ದರಿಂದ ಅವಳನ್ನು ಸಮಾಧಾನಪಡಿಸುವ ಅರ್ಹತೆ ನನಗಿರಲಿಲ್ಲ.

ಮೂಳೆಯನ್ನು ಮರುದಿನ ಬೆಳಿಗ್ಗೆ ಸುಸೂತ್ರವಾಗಿ ಕೂಡಿಸಿದರು. ಅಷ್ಟರಲ್ಲಿ ಬಂದಿದ್ದ ಮಗ ನನ್ನ ಅಜ್ಞಾನವನ್ನು ಸೌಜನ್ಯದಿಂದಲೇ ಕಳೆದ. ಚೀನಾದ ನೈಋತ್ಯದ ಬೆಟ್ಟಗಳಲ್ಲಿ ತಮ್ಮ ಜನರಿದ್ದಾರೆ; ಹೊರಗಿನವರು ಎಲ್ಲರನ್ನೂ ಸೇರಿಸಿ ‘ಮಿಯಾವ್’ ಎಂದು ಒಂದೇ ಹೆಸರಿಟ್ಟರು; ಆದರೆ ಪೂರ್ವದವರ ಮಾತು ಪಶ್ಚಿಮದವರಿಗೆ ತಿಳಿಯದು, ಪೂರ್ವದಲ್ಲಿಯೂ ಒಂದು ಕಣಿವೆಯ ಧಾಟಿಗೆ ಮುಂದಿನ ಕಣಿವೆಯಲ್ಲಿ ನಗುತ್ತಾರೆ. ತನ್ನ ಅಮ್ಮನ ಕಡೆಯ ಜನ ತಮ್ಮನ್ನು ಕರೆದುಕೊಳ್ಳುವುದು ‘ಹ್ಮು’ ಎಂದು. ದನಿಯ ಎಂಟು ಬಗೆಯ ಏರಿಳಿತಗಳಿರುವ ಆ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆದಾಗ ಪದದ ಕೊನೆಯ ಅಕ್ಷರವನ್ನು ಉಚ್ಚರಿಸುವಂತಿಲ್ಲವಂತೆ. ದನಿ ಏರಬೇಕೋ ಇಳಿಯಬೇಕೋ ಎಂದು ಹೇಳುವುದಷ್ಟೇ ಅದರ ಕೆಲಸ. ಮೂಗಿನಿಂದ ಮೊದಲು ಉಸಿರು ಬಿಟ್ಟು ಆಮೇಲೆ ‘ಮು’ ಎನ್ನಬೇಕೆಂದು ಅವನು ಕಲಿಸಿದ. ನಾನು ಹೇಳಿದೆ. ನೆಗಡಿಯ ಔಷಧ ಬೇಕೇ ಎಂಬಂತೆ ಲವೀನಾ ನನ್ನನ್ನು ನೋಡಿದಳು. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಅಜ್ಜಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಗು ತಗ್ಗಿದ ಮೇಲೆ ಅವರು ಮಗನ ಮೂಲಕ ನನ್ನ ಮನೆಮಾತನ್ನು ವಿಚಾರಿಸಿದರು. ತುಳು ಎಂದೆ. ನಮ್ಮಲ್ಲೂ ಎದುರು ಸಿಕ್ಕವರನ್ನು ಮೊದಲು ಕೇಳುವುದು ಊಟ ಆಯಿತೇ ಎಂದೇ, “ವಣಸ್ ಆಂಡಾ?” ಎಂದು ಹೇಳಿ ತೋರಿಸಿದೆ. ಅಜ್ಜಿಗೆ ಬಹಳ ಸಂತೋಷವಾಯಿತು. ಈಸಾ ಟೌನಿನ ಶಾಲೆಗೆ ಹೋಗುವ ಮಗಳು ನನಗಿದ್ದಾಳೆಂದು ತಿಳಿದಾಗ, ಅವಳೂ ಹಾಗೆಯೇ ಕೇಳುತ್ತಾಳೆಯೇ ಎಂದರು.

“ಇಲ್ಲ,” ಎಂದೆ. “ಅವಳಿಗೆ ಇಂಗ್ಲಿಷ್ ಸಾಕು.”

ಮಗ ತಾಯಿಯತ್ತ ಬಾಗಿ ಏನನ್ನೋ ಹೇಳಿದ. ಅಜ್ಜಿ ತೃಪ್ತರಾಗಿ ಕಣ್ಣು ಮುಚ್ಚಿಕೊಂಡರು. ಏನು ಹೇಳಿದಿರಿ ಎಂದು ಕಾರಿಡಾರಿನಲ್ಲಿ ಕೇಳಿದೆ.

“ದಿನಾ ಕೇಳುತ್ತಾಳೆ ಅಂದೆ,” ಎಂದ ಅವನು, ನನ್ನ ಮುಖ ನೋಡದೆ. “ನನ್ನ ಮಗಳ ಬಗ್ಗೆಯೂ ಅಮ್ಮನಿಗೆ ಹಾಗೆಯೇ ಹೇಳಿಟ್ಟಿದ್ದೇನೆ.”